ಮುತ್ತಪ್ಪನ ಮತ

ಮುತ್ತಪ್ಪ ಮತ್ತೆ ಮತ ಹಾಕಿದ್ದ. ಮಲಪ್ರಭೆಯ ನೆರೆ ಅವನನ್ನು ಎಳೆದುಕೊಂಡು ಹೋಗಿ ಎರಡು ವರ್ಷವಾಗಿತ್ತು.

ಇಳಕಲ್ಲಿನ ತನ್ನ ರಿಪೇರಿ ಅಂಗಡಿಯಲ್ಲಿ ಮಾಳಿಂಗರಾಯ ತಲೆಯೆತ್ತಲಿಲ್ಲ. ನರ್ಗೀಸ ಅವನ ಮೂಗಿನ ಹತ್ತಿರ ಫೋನು ಹಿಡಿದು ನಿಂತಿದ್ದಳು.

“ನೋಡಣ್ಣಾ, ನಿನ್ನಿ ಹಾಕ್ಯಾನ. ಸತ್ತವ್ರು ಓಟ್ ಹಾಕಿದ್ರ ನಮ್ಮ ನಿಧಿನ ಯಾರ ನಂಬ್ತಾರ?”

“ಹೆಣ ಸಿಕ್ಕಿಲ್ಲಲ್ಲ ತಂಗಿ,” ಎಂದ ಮಾಳಿಂಗರಾಯ.

ನರ್ಗೀಸ ‘ಕೊಂಡಿ’ಯ ತಂತ್ರಾಂಶ ಬರೆಯುವವಳು. ಕೈಮಗ್ಗದ ಪ್ರತಿ ಸೀರೆಯ ಹುಟ್ಟು, ನೇಯ್ದವರ ಹೆಸರು ಬ್ಲಾಕ್‌ಚೈನಿನಲ್ಲಿ ದಾಖಲಾಗುವ ಜಾಲ ಅದು. ಒಮ್ಮೆ ಬರೆದದ್ದನ್ನು ಯಾರಪ್ಪನೂ ಅಳಿಸಲಾರ. ಸೀರೆ ಮಾರಿದಾಗ ಒಂದು ಪಾಲು ನಿಧಿಗೆ ಹೋಗುತ್ತದೆ. ಜಾಲಕ್ಕೆ ಉಪಯೋಗವಾಗುವ ಹೊಸದನ್ನು ಮಾಡುವವರಿಗೆ ಆ ನಿಧಿಯಿಂದ ಅನುದಾನ. ಯಾರಿಗೆ ಕೊಡಬೇಕೆಂದು ಅಪ್ಪಣೆ ಮಾಡಲು ಸಾಹೇಬರಿಲ್ಲ. ಸದಸ್ಯರೆಲ್ಲ ಫೋನಿನಲ್ಲೇ ಮತ ಹಾಕುತ್ತಾರೆ. ಯಾರು ಏನು ಹಾಕಿದರೆಂದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಮುತ್ತಪ್ಪನೂ ಕಾಣುತ್ತಿದ್ದ, ಪ್ರತಿ ಸಲ. ಅವನ ಹೆಸರು ಬಂದೊಡನೆ ಫೋನನ್ನು ಬೋರಲು ಹಾಕುವವರೂ ಇದ್ದರು.

“ಎರಡು ವರ್ಷ ಮುಖಾ ತೋರಸದವ್ರ ಓಟ್ ರದ್ದ್ ಮಾಡೂಣು ಅಂತ ಠರಾವ್ ಇಟ್ಟೇನಿ,” ಎಂದಳು ನರ್ಗೀಸ. “ಐತಾರ ಮಧ್ಯಾಹ್ನದ ತನಕ ಎಲ್ಲಾರೂ ಹಾಕಬೇಕು. ಅವನೂ ಹಾಕ್ಲಿ, ನೋಡೂಣು!”

ಆಕೆ ಹೋದಳು. ಮಾಳಿಂಗರಾಯ ತನ್ನ ಫೋನನ್ನು ಮುಟ್ಟಿ ನೋಡಿಕೊಂಡ. ಭೂತವಿದ್ದದ್ದು ಅವನ ಕಿಸೆಯಲ್ಲೇ.

ನಿಧಿಯ ಮೊದಲ ಅನುದಾನ ಪಡೆದವರು ಅವನೂ ಗೆಳೆಯ ಮುತ್ತಪ್ಪನೂ. ನೇಯ್ದದ್ದನ್ನು ತಾನೇ ದಾಖಲಿಸುವ ಸಣ್ಣ ಯಂತ್ರವನ್ನು ಮುತ್ತಪ್ಪನ ಮಗ್ಗಕ್ಕೇ ಮೊದಲು ಕಟ್ಟಿದ್ದರು. ಖಾತೆ ತೆರೆಯಲು ಹನ್ನೆರಡು ಗುಟ್ಟಿನ ಪದಗಳು. ಎಲ್ಲೂ ಬರೆದಿಡಬಾರದೆಂದು ಮುತ್ತಪ್ಪ ಮಗ್ಗದಲ್ಲಿ ಕೂತು ಅವನ್ನು ಹಾಡಿನ ಹಾಗೆ ಗುನುಗಿ ಬಾಯಿಪಾಠ ಮಾಡಿದ, ಗೆಳೆಯನಿಗೂ ಮಾಡಿಸಿದ. ಮುತ್ತಪ್ಪನ ಹೆಂಡತಿ ಸತ್ಯವ್ವ ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದಳು.

ನೆರೆ ಬಂದ ದಿನ “ದಾಟೂಣು ನಡಿಯೋ” ಎಂದು ಬೈಕನ್ನು ಸೇತುವೆಗೆ ಇಳಿಸಿದವನು ಮಾಳಿಂಗರಾಯ. ಇಬ್ಬರೂ ಕೊಚ್ಚಿಹೋದಾಗ ಜಾಲಿಯ ಟೊಂಗೆ ಕೈಗೆ ಸಿಕ್ಕಿದ್ದೂ ಅವನಿಗೇ.

ತಿಂಗಳು ಕಳೆದರೂ ಸತ್ಯವ್ವ ಶಿವಯೋಗ ಮಂದಿರದ ಹತ್ತಿರದ ತನ್ನ ಮನೆಯ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಕೂತೇ ಇರುತ್ತಿದ್ದಳು. ಅದನ್ನು ನೋಡಲಾಗದೆ ಅವನು ಮುತ್ತಪ್ಪನ ಖಾತೆ ತೆರೆದು ಯಾವುದೋ ಅನುದಾನಕ್ಕೆ ಮತ ಒತ್ತಿದ. “ವೈನಿ, ಅಣ್ಣ ಓಟ್ ಹಾಕ್ಯಾನ್ರಿ. ಎಲ್ಲೋ ಅದಾನ,” ಎಂದ. ಸತ್ಯವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಲೆ ಹಚ್ಚಿದಳು. ಇಬ್ಬರೂ ಉಂಡರು. ಮಾಳಿಂಗರಾಯನ ಗಂಟಲಲ್ಲಿ ರೊಟ್ಟಿ ಇಳಿದದ್ದು ತಿಂಗಳಾದ ಮೇಲೆ ಅಂದೇ.

ಅಲ್ಲಿಂದ ಸುಳ್ಳು ನಿಲ್ಲಲಿಲ್ಲ. ಸತ್ಯವ್ವನಿಗೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು. ಊರಿನ ತೀರ್ಮಾನಕ್ಕೇನು, ಪುಕ್ಕಟೆ. ಈಗ ಠರಾವು ಗೆದ್ದರೆ ಮುತ್ತಪ್ಪ ಎರಡನೆಯ ಸಲ ಸಾಯುತ್ತಾನೆ. ಆಕೆ ಹೊಳೆಯ ಪಾಲಾದರೆ? ಆ ಯೋಚನೆ ಅವನನ್ನು ನಿದ್ದೆ ಮಾಡಗೊಡಲಿಲ್ಲ.

ಶನಿವಾರ ಹೊರಟ. ಎಂದಿನಂತೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಎಂದಿನಂತೆ ಅಲ್ಲಿಂದಲೇ ಫೋನು ಮಾಡಿದ. “ಬಾ ತಮ್ಮಾ,” ಎಂದಳು ಸತ್ಯವ್ವ.

ಬಾಗಿಲು ತೆರೆದಾಗ ಮೊದಲು ಕೇಳಿಸಿದ್ದು ಹಸಿರು ಬಳೆ. ಹಣೆಯಲ್ಲಿ ಕುಂಕುಮ, ಇನ್ನೂ ಹಸಿ. ಬಳೆಗಳು ಮಣಿಕಟ್ಟಿನಲ್ಲಿ ಸಡಿಲವಾಗಿ ಜಾರುತ್ತಿದ್ದವು. ಎಷ್ಟು ಸೊರಗಿದ್ದಾಳೆ ಎಂದುಕೊಂಡ. ಆಕೆ ಅವನನ್ನು ಪಡಸಾಲೆಯಲ್ಲೇ ಕೂಡಿಸಿ, ಒಳಮನೆಯ ಬಾಗಿಲು ಎಳೆದುಕೊಂಡು ಬಂದು ಬಡಿಸಿದಳು. ಅವನು ಠರಾವಿನ ವಿಷಯ ಹೇಳಿದ.

“ನಮ್ಮವ್ರು ಏನ್ ಹಾಕ್ತಾರಂತಿ?” ಎಂದಳು.

“ಬ್ಯಾಡ ಅಂತಾನಽ ಹಾಕ್ತಾನ್ರಿ. ಮತ್ತೇನ್ ಹಾಕ್ತಾನ?”

“ಅವ್ರಿಗೂ ಸಾಕಾಗಿರಬೇಕು ತಮ್ಮಾ. ಭಾಳ ದಿನಾತು.” ರೊಟ್ಟಿ ನೀಡುತ್ತ ಕೇಳಿದಳು, “ನೀ ರಾತ್ರಿ ಮಲಗ್ತೀಯೋ ಇಲ್ಲೋ?”

ಅವನು ಆ ರೊಟ್ಟಿಯನ್ನೂ ಮುರಿದುಕೊಂಡ.

ಭಾನುವಾರ ಮಧ್ಯಾಹ್ನ, ಗಡುವು ಮುಗಿಯುವ ಹೊತ್ತು. ಬೇಕು, ಬೇಡ ಎರಡೂ ಸಮಸಮ. ಮಾಳಿಂಗರಾಯ ತನ್ನ ‘ಬೇಡ’ ಹಾಕಿಯಾಗಿತ್ತು. ಉಳಿದದ್ದು ಒಂದೇ ಮತ, ಮುತ್ತಪ್ಪನದು. ಅಂಗಡಿಯ ಬಾಗಿಲು ಮುಂದೆ ಮಾಡಿ, ಹನ್ನೆರಡು ಪದಗಳನ್ನು ಮನಸ್ಸಿನಲ್ಲೇ ಗುನುಗುತ್ತ ಒತ್ತತೊಡಗಿದ. ಖಾತೆ ತೆರೆಯಿತು.

ಅಷ್ಟರೊಳಗೇ ಮುತ್ತಪ್ಪ ಮತ ಹಾಕಿಬಿಟ್ಟಿದ್ದ. ‘ಬೇಕು. ರದ್ದು ಮಾಡಿರಿ.’

ಆ ಪದಗಳು ಗೊತ್ತಿದ್ದವರು ಇಬ್ಬರೇ. ಒಬ್ಬ ಇಲ್ಲಿ ಕೂತಿದ್ದಾನೆ, ಇನ್ನೊಬ್ಬ ನೀರಿನಲ್ಲಿ. ನರ್ಗೀಸಳ ಕರೆ ಬಂತು. ಅವನು ಎತ್ತಲಿಲ್ಲ. ಠರಾವು ಗೆದ್ದಿತ್ತು. ಬೈಕು ಹತ್ತಿದ. ಹುನಗುಂದ ದಾಟಿದ್ದು ತಿಳಿಯಲಿಲ್ಲ, ಅಮೀನಗಡದಲ್ಲಿ ನಿಲ್ಲಲಿಲ್ಲ, ಫೋನು ಮಾಡಲಿಲ್ಲ. ಸೇತುವೆಯ ಮೇಲೆ ಮಾತ್ರ ಎರಡು ವರ್ಷದಲ್ಲಿ ಮೊದಲ ಸಲ ನೀರಿನ ಕಡೆ ನೋಡಿದ. ಏನೂ ಕಾಣಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಮನೆಯದೂ. ಗೋಡೆಯ ಮೇಲೆ ಮುತ್ತಪ್ಪನ ಫೋಟೋ, ಅದಕ್ಕೆ ಮಾಲೆ; ಕೆಳಗೆ ದೀಪದ ಎಣ್ಣೆ ಸುರಿದು ಸುರಿದು ಕರಿಗಟ್ಟಿದ ಕಲೆ. ಪಕ್ಕದ ಮೊಳೆಗೆ ಹಸಿರು ಬಳೆಗಳು ತೂಗುತ್ತಿದ್ದವು. ಬರಿಗೈ, ಬರಿಹಣೆಯ ಸತ್ಯವ್ವ ನೂಲು ಸುತ್ತುತ್ತ, ಆ ಹನ್ನೆರಡು ಪದಗಳನ್ನು ಹಾಡಿನ ಹಾಗೆ ಗುನುಗುತ್ತಿದ್ದಳು. ಅವನನ್ನು ಕಂಡು ನಿಲ್ಲಿಸಿದಳು.

“ಒಂದ್ ಫೋನ್ ಮಾಡಿ ಬರೂದಲ್ಲೇನೋ ತಮ್ಮಾ, ಬಳಿ ಹಾಕ್ಕೊಂಡಿರ್ತಿದ್ನಿ,” ಎಂದಳು ಸತ್ಯವ್ವ. “ಅವು ಇಲ್ಲಾಂದ್ರ ನಿನಗ ತುತ್ತು ಇಳ್ಯಾಂಗಿಲ್ಲಲ್ಲ.”