ಬೀಳ್ಕೊಡುಗೆಯ ಚರಣ

ಹಾಲ್‌ನಲ್ಲಿ ಹಾಡು ಮುಗಿಯುವುದಕ್ಕೂ ಅಡುಗೆಮನೆಯಲ್ಲಿ ಹೆಡ್ವಿಗ್ ಕೈಯಿಂದ ಸೌಟು ಬೀಳುವುದಕ್ಕೂ ಸರಿಹೋಯಿತು. ಹಾಡುತ್ತಿದ್ದವರು ಮೂವರು ಮುದುಕರು. ಅವಳಿಗೆ ಕೇಳಿಸಿದ್ದು ನಾಲ್ಕು ದನಿ. ನೆಲದಡಿಯಿಂದ ಬಂದಂಥ ಆ ಮಂದ್ರದ ದನಿ ಅವಳ ಗಂಡ ಗಾಟ್‌ಲೀಬನದು. ಕೊನೆಯ ಸಾಲಿಗೆ ಮುಂಚೆ ಅವನ ಸಣ್ಣ ಕೆಮ್ಮು ಕೂಡ ಇತ್ತು. ಗಾಟ್‌ಲೀಬನನ್ನು ಮಣ್ಣು ಮಾಡಿ ಒಂದು ಚಳಿಗಾಲವೇ ಕಳೆದಿತ್ತು.

ಸಂಘದ ಕಟ್ಟಳೆ ನಡೆಯಿತೋ ಇಲ್ಲವೋ ಎಂದು ನೋಡಲು ಬಂದು, ಪಕ್ಕದ ಬಾರ್‌ನಲ್ಲಿ ಕೂತು ಕೇಳುತ್ತಿದ್ದ ಹೊಸ ವಕೀಲ ಟೋಪಿ ಹಾಕಿಕೊಂಡ. "ನಾಲ್ಕೂ ದನಿ ಚೆನ್ನಾಗಿ ಕೇಳಿಸ್ತು. ಇನ್ನೊಂದು ವರ್ಷ ಹಾಲ್ ನಿಮ್ಮದೇ," ಎಂದು ಹೇಳಿ ಹೊರಟುಹೋದ. ಉಕ್ಕಿನ ಕೆಲಸ ಹುಡುಕಿಕೊಂಡು ಜರ್ಮನಿಯಿಂದ ಪಿಟ್ಸ್‌ಬರ್ಗಿಗೆ ಬಂದ ಹಿರಿಯರು ಗಾಯನ ಸಂಘ ಕಟ್ಟಿದಾಗಲೇ ಮಾಡಿದ ಕಟ್ಟಳೆ ಅದು. ಪ್ರತಿ ವರ್ಷ ಸ್ಥಾಪನೆಯ ದಿನ ಸಂಘದ ಹಾಡನ್ನು ತಾರದಿಂದ ಮಂದ್ರದವರೆಗೆ ನಾಲ್ಕು ದನಿಯಲ್ಲಿ ಹಾಡಬೇಕು. ಆಗಲಿಲ್ಲವೋ, ಸಂಘ ಮುಚ್ಚಿ ಹಾಲ್ ಮಾರಬೇಕು.

ಹೆಡ್ವಿಗ್ ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಹಾಲ್‌ಗೆ ನುಗ್ಗಿದಳು. ಗಂಡಸರು ಹಾಡುವಲ್ಲಿಗೆ ಹೆಂಗಸರು ಕಾಲಿಡುವ ಪದ್ಧತಿಯಿಲ್ಲ. ಇವತ್ತು ಅವಳನ್ನು ತಡೆಯುವ ಧೈರ್ಯ ಯಾರಿಗಿತ್ತು?

"ಒಟ್ಮಾರ್, ನನ್ನ ಮುಖ ನೋಡಿ ಹೇಳು. ಹಿಮ ಬೀಳ್ತಿದೆ ಅಂತ ನನ್ನನ್ನ ಕಾರಲ್ಲಿ ಕೂರಿಸಿದ್ರಲ್ಲ, ಆಮೇಲೆ ಸಮಾಧಿ ಹತ್ರ ಕೊನೇ ಚರಣ ಹಾಡಿದ್ರಾ, ಇಲ್ವಾ?"

ಸತ್ತ ಗಾಯಕನಿಗೆ ಹೇಳುವ ಬೀಳ್ಕೊಡುಗೆ ಅದು: ನಿನ್ನ ಪಾಲು ಹಾಡಿ ಮುಗಿಯಿತು, ಇನ್ನು ಮಲಗು. ಅದಾದ ಮೇಲೆ ಸಂಘದ ಕಪಾಟಿನಲ್ಲಿ ಅವನ ಬಿಯರ್ ಮಗ್ಗನ್ನು ಬೋರಲು ಹಾಕುತ್ತಾರೆ.

ಅಧ್ಯಕ್ಷ ಒಟ್ಮಾರ್ ತನ್ನ ಬೂಟು ನೋಡುತ್ತ ನಿಂತ. "ಇಲ್ಲ. ಮಂದ್ರಕ್ಕೆ ಬೇರೆ ಯಾರಿದ್ದಾರೆ, ನೀನೇ ಹೇಳು? ಈ ಹಾಲ್ ಹೋದ್ರೆ ನಾವು ಮೂರು ಜನ ಎಲ್ಲಿಗೆ ಹೋಗಿ ಕೂರೋದು? ಅವನಿಗೂ ಇಲ್ಲಿದ್ರೆ ಖುಷೀನೇ, ಹೆಡ್ವಿಗ್."

"ಖುಷೀನಾ? ಸತ್ತ ಮೇಲೂ ಕೆಮ್ತಾ ಇದಾನಲ್ಲೋ, ಪಾಪಿ! ಹಾಡ್ರಿ, ಈಗಲೇ ಹಾಡ್ರಿ!"

ಮೂವರೂ ಹಾಡಿನ ಪುಸ್ತಕ ಮುಚ್ಚಿಬಿಟ್ಟರು. ಅಯ್ಯೋ, ಹಾಲ್‌ನ ಮೇಲಿನ ಆಸೆ ಅಷ್ಟಿತ್ತು! ಹೆಡ್ವಿಗ್ ತಾನೇ ಶುರುಮಾಡಿದಳು. ಆಲೂಗಡ್ಡೆ ಸುಲಿಯುತ್ತ, ಎಲೆಕೋಸು ಹೆಚ್ಚುತ್ತ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದ ಚರಣ. ನಡುವೆ ಅಳು ಒತ್ತರಿಸಿ ಬಂತು. ನುಂಗಿಕೊಂಡು ಹಾಡಿದಳು. ಮುಗಿದಾಗ ಮಂದ್ರದವರ ಸಾಲಿನಲ್ಲಿ ಒಂದು ಖಾಲಿ ಕುರ್ಚಿ, ಭಾರದವರು ಯಾರೋ ಎದ್ದಂತೆ, ಕಿರುಗುಟ್ಟಿ ಸುಮ್ಮನಾಯಿತು.

ಹೆಂಗಸರು ಮುಟ್ಟಬಾರದ ಆ ಕಪಾಟನ್ನು ಅವಳು ತೆರೆದಳು. ಗಾಟ್‌ಲೀಬನ ಮಗ್ಗನ್ನು ಬೋರಲು ಹಾಕಿದಾಗ ಒಳಗಿಂದ ಹೊಸ ನೊರೆ ಸುರಿಯಿತು.

"ಹೋಯ್ತು," ಎಂದು ಒಟ್ಮಾರ್ ಕುಸಿದು ಕೂತ. "ಬರೋ ವರ್ಷ ಹಾಲ್ ಹೋಯ್ತು."

ಹೆಡ್ವಿಗ್‌ಗೆ ಅದು ಕೇಳಿಸಲಿಲ್ಲ. ಅವಳು ಕಪಾಟನ್ನೇ ನೋಡುತ್ತಿದ್ದಳು. ಗಾಟ್‌ಲೀಬನಿಗಿಂತ ಮೊದಲು ಸತ್ತವರ ಮಗ್ಗುಗಳು ಸಾಲಾಗಿದ್ದವು. ಮೇಲಿನ ಹಲಗೆಯವೆಲ್ಲ ಬೋರಲು. ಕೆಳಗಿನ ಹಲಗೆಯಲ್ಲಿ ಒಂದೂ ಬೋರಲಾಗಿರಲಿಲ್ಲ.

"ಜನ ಕಮ್ಮಿ ಆಗ್ತಾ ಬಂದ್ರಲ್ಲ," ಎಂದು ಹಿಂದಿನಿಂದ ಎವಾಲ್ಡ್ ಮುದುಕ ತೊದಲಿದ. "ಆವಾಗಿಂದ ಯಾರಿಗೂ ಹಾಡಿಲ್ಲ."

ಖಾಲಿ ಕುರ್ಚಿಗಳ ನಡುವೆ ಯಾರೋ ಗಂಟಲು ಸರಿಮಾಡಿಕೊಂಡರು. ಆಚೆ ಸಾಲಿನಲ್ಲಿ ಇನ್ನೊಬ್ಬರು. ಹೆಡ್ವಿಗ್ ಒಂದು ಗುಟುಕು ನೀರು ಕುಡಿದು ಕುರ್ಚಿಗಳ ಕಡೆ ತಿರುಗಿದಳು.

"ನೂಕಬೇಡಿ," ಎಂದಳು. "ಒಬ್ಬೊಬ್ರಾಗಿ ಬನ್ನಿ."