ಪರದೆಯ ಅಂಚು

ಆನೆಯ ಬೆನ್ನಿನ ಜೂಲನ್ನು ಆನೆ ನಡೆಯುತ್ತಿರುವಾಗಲೇ ಹೊಲಿದು ಮುಗಿಸಿದ ಕೈ ನನ್ನದು. ಊರಿಗೆಲ್ಲ ಪ್ಯಾಂಟು ಹೊಲಿದರೂ ನಾನು ಉಡುವುದು ಲುಂಗಿ. ನನ್ನ ಅಳತೆ ತೆಗೆಯಬಲ್ಲ ದರ್ಜಿ ಇನ್ನೂ ಹುಟ್ಟಿಲ್ಲವಲ್ಲ!

ಅಂಥವನನ್ನು ನಾಟಕ ಕಂಪನಿಯ ಮಖಮಲ್ ಪರದೆಯೊಂದು ಬೆಳಗಿನಿಂದ ಅಳಿಸುತ್ತಿತ್ತು. ಅಂಚು ಮಡಚಿ ಹೊಲಿಯಬೇಕು. ಎರಡು ಪಟ್ಟಿ ಕೂಡಿಸಿದ ಜೋಡು ಬಂದಲ್ಲಿ ಬಟ್ಟೆ ಗುಡ್ಡದಷ್ಟು ದಪ್ಪ. ಸೂಜಿ ಮುರಿಯಿತು. ಹೊಸದು ಹಾಕಿದೆ, ಅದೂ ಮುರಿದು, ಅದರ ಚೂರು ಹಾರಿ ಗೋಡೆಯ ಗಡಿಯಾರವೇ ನಿಂತುಹೋಯಿತು. ಜೋಡನ್ನು ಸುತ್ತಿಗೆಯಿಂದ ಬಡಿದೆ, ಮಷೀನಿನ ವಂಶವನ್ನೆಲ್ಲ ಬೈದೆ.

"ಸಂಜೀಕ ಆಟ ಐತ್ರೀ," ಎಂದ ಕಂಪನಿಯ ಮಾಲೀಕ. "ನಿಮ್ಮಿಂದ ಆಗಂಗಿಲ್ಲ ಅಂದ್ರ ಎದುರಂಗಡಿ ದ್ಯಾಮಣ್ಣಗ ಕೊಡ್ತೀನಿ."

"ಆ ದ್ಯಾಮಣ್ಣಗ? ಹಪ್ಪಳಾ ಹೊಲಿಯಾಕ ಕೊಟ್ರೂ ಸೂಜಿ ಮುರೀತಾನ ಅಂವ! ಸುಮ್ನ ಕುಂಡ್ರಿ."

ಪರದೆಯನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡೆ. ಬಟ್ಟೆ ಅದುಮಿ ಹಿಡಿಯುವ ಮಷೀನಿನ ಪಾದದ ಹಿಂದೆ ಬಟ್ಟೆಯ ಮಡಿಕೆ ಒತ್ತಿಟ್ಟು ಎತ್ತರ ಸಮ ಮಾಡಿದೆ. ಕೈಯಿಂದಲೇ ಚಕ್ರ ತಿರುಗಿಸುತ್ತ ಗುಡ್ಡ ದಾಟಿಸಿದೆ. ಆಮೇಲೆ ರೊಚ್ಚಿನಲ್ಲಿ ಕೊನೆಯವರೆಗೂ ಭರ್ರೆಂದು ಓಡಿಸಿದೆ.

ಮಾಲೀಕ ತನ್ನ ಕಡೆಯ ತುದಿ ಹಿಡಿದು ನೋಡಿದ. "ಭಾರಿ ಆಗೇತಿ ಬಿಡ್ರಿ. ಗೆರಿ ಕೊರದಂಗ ಐತಿ."

"ದ್ಯಾಮಣ್ಣಗೂ ಒಮ್ಮಿ ತೋರಿಸ್ಕೊಂಡು ಹೋಗ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಎದೆಯುಬ್ಬಿಸಿ ಎದ್ದು ನಿಂತೆ.

ಮಾಲೀಕ ಪರದೆಯನ್ನು ಹೆಗಲಿಗೇರಿಸಿಕೊಂಡು ಎದುರಂಗಡಿಯತ್ತ ಹೊರಟ. ಅದರ ಅಂಚಿಗೆ ನೀಟಾಗಿ ಹೊಲಿದುಹೋಗಿದ್ದ ನನ್ನ ಲುಂಗಿಯೂ ಹಿಂದೆಯೇ ಹೊರಟಿತು.