ಬಿಮ್ಮಾದ ಜ್ವಾಲಾಮುಖಿ

ಪುಳಿಯೋಗರೆ ಡಬ್ಬಿ ತೆರೆದರೆ ಈಗಲೂ ಅಪ್ಪನ ಮ್ಯಾನೇಜರ್ ನೆನಪಾಗಿ ಮತ್ತೆ ಮುಚ್ಚಿಬಿಡುತ್ತೇನೆ.

ಆಗ ನಾವಿದ್ದ ಕೊಲ್ಲಿ ದೇಶದ ಸೀಬ್ ಊರಿನಿಂದ ಬಿಮ್ಮಾದ ನೀರು ತುಂಬಿದ ಗುಂಡಿಗೆ ಕಾರಿನಲ್ಲಿ ಎರಡು ಗಂಟೆ ದಾರಿ. ಅಪ್ಪ ಕಾರು ಓಡಿಸಿದರು. ಪಕ್ಕದಲ್ಲಿ ಕೂತ ಆ ಆಸಾಮಿ ದಾರಿಯುದ್ದಕ್ಕೂ ಅಮ್ಮನ ಪುಳಿಯೋಗರೆ ಮುಕ್ಕಿದ. ಅಲ್ಲಿ ಗುಂಡಿಯ ಕಟ್ಟೆಗೆ ಒರಗಿ, ಕೆಳಗಿನ ಹಸಿರು ನೀರಿನತ್ತ ಎಣ್ಣೆಗೈ ಚಾಚಿ, “ಇದು ಜ್ವಾಲಾಮುಖಿ! ಒಳಗೆ ಇನ್ನೂ ಕುದೀತಿದೆ” ಎಂದ.

ನನ್ನಪ್ಪ ಭೂವಿಜ್ಞಾನಿ. ಸುಣ್ಣಕಲ್ಲು ಕರಗಿ ಕುಸಿದ ಗುಂಡಿಯಿದು ಅಂತ ಹಿಂದಿನ ದಿನವಷ್ಟೇ ನನಗೆ ಚಿತ್ರ ಬರೆದು ತೋರಿಸಿದ್ದರು.

“ಹೌದು ಸರ್, ಕುದೀತಿದೆ” ಎಂದರು ಅಪ್ಪ.

“ಅಪ್ಪಾ, ನೀವು ನಿನ್ನೆ...” ಎನ್ನುವಷ್ಟರಲ್ಲಿ ಅಮ್ಮ ನನ್ನ ತೋಳು ಚಿವುಟಿದಳು.

“ಮ್ಯಾನೇಜರು ನಮ್ಮ ವೀಸಾ ರಿನ್ಯೂ ಮಾಡಿಸೋವರೆಗೂ ಅದು ಜ್ವಾಲಾಮುಖಿನೇ,” ಕಿವಿಯಲ್ಲಿ ಹೇಳಿದಳು. “ಬಾಯ್ಮುಚ್ಚಿಕೊಂಡು ನೋಡು.”